ಡೈನಮೋ ಗಾಡಿಗೆ ಡಿಆರ್‌ಎಲ್: ಎರಡು ರಿಲೇ ಸಾಕು, ಬಾಡಿಗೆ ತೂತು ಬೇಡ

ಹುಬ್ಬಳ್ಳಿಯಿಂದ ಕಲಘಟಗಿ ದಾಟಿ ಯಲ್ಲಾಪುರದ ಕಡೆ ಹೋಗುವ ರಸ್ತೆಯಲ್ಲಿ ಒಂದು ತುಂಡು ಬಿಸಿಲು, ಒಂದು ತುಂಡು ನೆರಳು. ಬೂದು ಬಣ್ಣದ ಅಂಬಾಸಿಡರ್ ಆ ನೆರಳಿನೊಳಗೆ ಹೊಕ್ಕರೆ, ಎದುರಿನಿಂದ ಓವರ್‌ಟೇಕ್‌ಗೆ ಹೊರಬಂದವರ ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ. ಗದಗ ರಸ್ತೆಯಲ್ಲಿ ತೊಂದರೆ ಬೇರೆ: ಅಣ್ಣಿಗೇರಿ ಸುತ್ತಿನ ಬಯಲಲ್ಲಿ ಏಪ್ರಿಲ್ ಮಧ್ಯಾಹ್ನ ಡಾಂಬರಿನ ಮೇಲೆ ಝಳ ಕುಣಿಯುವಾಗ ಕೆನೆಬಣ್ಣದ ಪ್ರೀಮಿಯರ್ ಪದ್ಮಿನಿ ಆ ಝಳದಲ್ಲೇ ಕರಗಿಹೋಗುತ್ತದೆ. ವರ್ಷಗಟ್ಟಲೆ ಎರಡೇ ಲೇನ್ ಇದ್ದ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಓಡಾಡಿದವರಿಗೆ, ಎದುರಿನ ಗಾಡಿ ಎರಡು ಸೆಕೆಂಡ್ ಮೊದಲೇ ಕಂಡರೆ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಗಾಡಿ ಹಗಲಿನಲ್ಲಿ ಎದ್ದು ಕಾಣಬೇಕು. ಡೇಟೈಮ್ ರನ್ನಿಂಗ್ ಲೈಟ್, ಅಂದರೆ ಡಿಆರ್‌ಎಲ್ ಇರುವುದು ಅದಕ್ಕೇ.

ಇದು ದಾರಿ ತೋರಿಸುವ ದೀಪ ಅಲ್ಲ, ಗಾಡಿಯನ್ನು ತೋರಿಸುವ ದೀಪ. ಎಂಜಿನ್ ಶುರುವಾದಾಗ ತಾನೇ ಹತ್ತಬೇಕು, ಹೆಡ್‌ಲೈಟ್ ಹಾಕಿದಾಗ ತಾನೇ ಆರಬೇಕು, ಎಂಜಿನ್ ನಿಂತಾಗ ಉಳಿಯಬಾರದು. ಹೊಸ ಗಾಡಿಯಲ್ಲಿ ಇದು ಸುಲಭ. ಹಳೆಯದರಲ್ಲಿ ಎಲ್ಲ ಕಷ್ಟವೂ ಒಂದೇ ಪ್ರಶ್ನೆಯಲ್ಲಿದೆ: ಎಂಜಿನ್ ಓಡುತ್ತಿದೆ ಅಂತ ದೀಪಕ್ಕೆ ಯಾರು ಹೇಳಬೇಕು? ಡಿಆರ್‌ಎಲ್ ಕಿಟ್ ಜೊತೆ ಬರುವ, ದೀಪವನ್ನು ತಾನೇ ಹಚ್ಚಿ ಆರಿಸುವ ಪುಟ್ಟ ಕಪ್ಪು ಡಬ್ಬಿ ಆಲ್ಟರ್ನೇಟರ್ ಗಾಡಿಯನ್ನು ನೋಡಿ ಮಾಡಿದ್ದು. ಡೈನಮೋ, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಬಗೆಯ ಜನರೇಟರ್ ಇರುವ ಗಾಡಿಯಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ದೀಪ ಒಳ್ಳೆಯದು ತಗೊಳ್ಳಿ, ಡಬ್ಬಿಯನ್ನು ಪಕ್ಕಕ್ಕಿಡಿ. ಸಾದಾ ರಿಲೇ, ಅಂದರೆ ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್, ಎರಡು ಸಾಕು.

ಹೆಡ್‌ಲೈಟನ್ನೇ ಹಗಲಿಗೂ ಹಚ್ಚಿಕೊಂಡು ಓಡಾಡಿದರೆ ಆಗದೇ ಅಂತ ಕೇಳುವವರಿದ್ದಾರೆ. ಲೆಕ್ಕ ನೋಡಿ. ಲೂಕಸ್ ಸಿ40 ಮಾದರಿಯ ಡೈನಮೋ ಪೂರ್ತಿ ಓಟದಲ್ಲಿ ಕೊಡುವುದು 22 ಆಂಪ್, ಅದೂ ಬ್ರಷ್ ಹೊಸದಾಗಿದ್ದಾಗ. ಐಡಲಿಂಗ್‌ನಲ್ಲಿ ಕಟೌಟ್, ಅಂದರೆ ಡೈನಮೋವನ್ನು ಬ್ಯಾಟರಿಗೆ ಕೂಡಿಸುವ ಸ್ವಿಚ್, ಬಿಟ್ಟುಕೊಂಡಿರುತ್ತದೆ, ಚಾರ್ಜ್ ಸೊನ್ನೆ. 45 ವ್ಯಾಟಿನ ಹೆಡ್‌ಲೈಟ್ ಎರಡಕ್ಕೆ 7.5 ಆಂಪ್, ಹಿಂದೆ-ಮುಂದಿನ ಪಾರ್ಕಿಂಗ್ ಬಲ್ಬು, ನಂಬರ್ ಪ್ಲೇಟ್, ಡ್ಯಾಶ್‌ಬೋರ್ಡ್ ಎಲ್ಲ ಸೇರಿ ಇನ್ನೊಂದು ಎರಡೂವರೆ, ಇಗ್ನಿಷನ್ ಕಾಯಿಲಿಗೆ ಮೂರರಷ್ಟು. ಹೆಚ್ಚುಕಡಿಮೆ 13 ಆಂಪ್ ಆಯಿತು. 60/55 ವ್ಯಾಟಿನ ಹ್ಯಾಲೊಜೆನ್ ಹಾಕಿಸಿದ್ದರೆ ಹೆಡ್‌ಲೈಟಿಗೇ ಒಂಬತ್ತು ದಾಟುತ್ತದೆ. ಹುಬ್ಬಳ್ಳಿಯ ಪಿಬಿ ರೋಡಿನಲ್ಲಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ನಿಂತು ನಿಂತು ಹೋಗುವಾಗ ಇದೆಲ್ಲ ಬ್ಯಾಟರಿಯಿಂದಲೇ ಹೋಗುತ್ತದೆ. ಎಂಟೆಂಟು ವ್ಯಾಟಿನ ಎಲ್‌ಇಡಿ ಡಿಆರ್‌ಎಲ್ ಜೋಡಿಗೆ ಬೇಕಾಗುವುದು ಬರೀ 1.3 ಆಂಪ್. ಡೈನಮೋಗೆ ಅದು ಭಾರವೇ ಅಲ್ಲ.

ಇನ್ನೊಂದು ಹಳೆಯ ಉಪಾಯ ಇದೆ: ಎರಡೂ ಹೆಡ್‌ಲೈಟಿನ ಬ್ರೈಟ್ ಫಿಲಮೆಂಟನ್ನು ರಿಲೇ ಮೂಲಕ ಸೀರೀಸ್ ಮಾಡುವುದು, ಅಂದರೆ ಒಂದರ ಹಿಂದೊಂದು ಕೂಡಿಸುವುದು. ಒಂದೊಂದಕ್ಕೆ ಆರಾರು ವೋಲ್ಟ್ ಬಂದು, ಬೆಳಕು ಹತ್ತನೇ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಗಾಡಿಯ ಮುಖ ಬದಲಾಗುವುದಿಲ್ಲ, ಹೊಸ ದೀಪವೇ ಬೇಡ. ಆದರೆ ಬೆಳಕು ಹತ್ತನೇ ಒಂದಾದರೂ ಕರೆಂಟ್ ಅಷ್ಟು ಇಳಿಯುವುದಿಲ್ಲ. 60 ವ್ಯಾಟಿನ ಬಲ್ಬು ಅರ್ಧ ವೋಲ್ಟೇಜಿನಲ್ಲೂ 20 ವ್ಯಾಟ್ ತಿನ್ನುತ್ತದೆ, ಜೋಡಿಗೆ ಮೂರು ಆಂಪ್ ಮೀರುತ್ತದೆ. ಆಲ್ಟರ್ನೇಟರ್ ಇದ್ದು, ಮುಂದೆ ಏನೂ ಕಾಣಬಾರದು ಅನ್ನುವವರಿಗೆ ಇದು ಅಡ್ಡಿಯಿಲ್ಲ. ಡೈನಮೋ ಗಾಡಿಗೆ ಬೇಡ.

ಮೊದಲು ಗಾಡಿಯನ್ನು ಓದಿಕೊಳ್ಳಿ

ದೀಪ ಕೊಳ್ಳುವ ಮೊದಲು ಮೂರು ವಿಷಯ ಗೊತ್ತಿರಬೇಕು: 6 ವೋಲ್ಟೋ 12 ವೋಲ್ಟೋ, ಡೈನಮೋನೋ ಆಲ್ಟರ್ನೇಟರೋ, ಬಾಡಿಗೆ ಕೂತಿರುವುದು ನೆಗೆಟಿವೋ ಪಾಸಿಟಿವೋ.

6 ವೋಲ್ಟಿನ ಗಾಡಿ ಈಗ ಅಪರೂಪ. ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಇನ್ನೂ ಸಿಗುತ್ತದೆ. ಬ್ಯಾಟರಿಯ ಮುಚ್ಚಳ ಎಣಿಸಿ: ಮೂರಿದ್ದರೆ 6, ಆರಿದ್ದರೆ 12. 6 ವೋಲ್ಟಿಗೆ ಮಾಮೂಲಿ ಎಲ್‌ಇಡಿ ಹತ್ತುವುದೇ ಇಲ್ಲ. ವೋಲ್ಟೇಜ್ ಏರಿಸುವ ಕನ್ವರ್ಟರ್ ಬೇಕು, ರಿಲೇ ಕಾಯಿಲೂ 6 ವೋಲ್ಟಿನದೇ ಬೇಕು.

ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪಾಸಿಟಿವ್ ಕಂಬ ಬಾಡಿಗೆ ಸೇರಿರುವುದು, ಈ ವಿಷಯದಲ್ಲಿ ಅವಸರ ಬೇಡ. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಬ್ರಿಟನ್ನಿನಲ್ಲಿ ಪಾಸಿಟಿವ್ ಅರ್ಥ್ ಗಾಡಿ. ಅಂಬಾಸಿಡರ್ ಹುಟ್ಟಿದ್ದು ಅದರಿಂದಲೇ, ಹಾಗಾಗಿ ಹಳೆಯ ಅಂಬಾಸಿಡರ್‌ಗಳಲ್ಲಿ ಇದನ್ನು ನೋಡದೆ ಮುಂದೆ ಹೋಗಬಾರದು. ಬ್ಯಾಟರಿಯಿಂದ ಬಾಡಿಗೆ ಹೋಗುವ ದಪ್ಪ ಪಟ್ಟಿ ಯಾವ ಕಂಬದಿಂದ ಬಂದಿದೆ ನೋಡಿ. ಎರಡರಲ್ಲಿ ಸ್ವಲ್ಪ ದಪ್ಪಗಿನ ಕಂಬ ಪಾಸಿಟಿವ್. ಗುರುತು ಅಳಿಸಿಹೋಗಿದ್ದರೆ ಮಲ್ಟಿಮೀಟರ್ ಇಟ್ಟರೆ ತಿಳಿಯುತ್ತದೆ. ಕೇಬಲ್ಲಿನ ಬಣ್ಣ ನಂಬಬೇಡಿ. ಬ್ಯಾಟರಿ ಬದಲಿಸುವಾಗ ಕೈಗೆ ಸಿಕ್ಕ ಕೇಬಲ್ ಹಾಕಿರುವುದೇ ಹೆಚ್ಚು. ಇದೊಂದು ಡಿಆರ್‌ಎಲ್‌ಗೋಸ್ಕರ ಗಾಡಿಯನ್ನು ನೆಗೆಟಿವ್ ಅರ್ಥಿಗೆ ತಿರುಗಿಸುವ ಅಗತ್ಯವಿಲ್ಲ. ತಿರುಗಿಸಿದರೆ ಡೈನಮೋವನ್ನು ಮತ್ತೆ ಪೋಲರೈಸ್ ಮಾಡಬೇಕು (ಅದು ಹುಟ್ಟಿಸುವ ಕರೆಂಟಿನ ದಿಕ್ಕು ಬದಲಿಸಬೇಕು), ಕಾಯಿಲಿನ ವೈರ್ ಅದಲುಬದಲು ಮಾಡಬೇಕು, ಆಂಪ್‌ಮೀಟರ್ ಉಲ್ಟಾ ತೋರಿಸುತ್ತದೆ.

ಆಮೇಲೆ ಚಾರ್ಜಿಂಗ್ ನೋಡಿ. ರಾತ್ರಿಯಿಡೀ ನಿಂತ ಬ್ಯಾಟರಿಯಲ್ಲಿ 12.6 ವೋಲ್ಟಿನ ಸುತ್ತ ಇರಬೇಕು. ಎಂಜಿನ್ ಸ್ವಲ್ಪ ಏರಿಸಿ, ಸುಮಾರು 2000 ಆರ್‌ಪಿಎಂಗೆ ಹಿಡಿದರೆ 13.8ರಿಂದ 14.5. 15 ದಾಟಿದರೆ ಮೊದಲು ಕಟೌಟ್ ಡಬ್ಬಿಯ ರೆಗ್ಯುಲೇಟರ್ ಸರಿಮಾಡಿಸಿ. ಇಲ್ಲದಿದ್ದರೆ ಇವತ್ತು ಎಲ್‌ಇಡಿ, ನಾಳೆ ಬ್ಯಾಟರಿ. 13ರ ಹತ್ತಿರವೂ ಬರದಿದ್ದರೆ ಬ್ರಷ್, ಕಾಮ್ಯುಟೇಟರ್, ಫ್ಯಾನ್ ಬೆಲ್ಟ್. ನಿಂತ ಎಂಜಿನ್ನಿನಲ್ಲಿ ಬೆಲ್ಟನ್ನು ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗದ ಮಧ್ಯಕ್ಕೆ ಹೆಬ್ಬೆರಳಿನಿಂದ ಒತ್ತಿದರೆ 12-13 ಎಂಎಂ ತಗ್ಗಬೇಕು, ಅದಕ್ಕಿಂತ ಹೆಚ್ಚಲ್ಲ.

ಯಾವ ದೀಪ, ಎಲ್ಲಿ

ಯುರೋಪಿನಲ್ಲಿ 2011ರ ಫೆಬ್ರುವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಡಿಆರ್‌ಎಲ್ ಕಡ್ಡಾಯ. ಅದಕ್ಕಾಗಿ ಇರುವ ವಿಶ್ವಸಂಸ್ಥೆಯ 87ನೇ ನಿಯಮದ ಅಳತೆಗಳು ನಮಗೂ ಒಳ್ಳೆಯ ದಾರಿ. ಬಿಳಿ ಬೆಳಕು, ಒಂದೊಂದು ದೀಪದ ತೀಕ್ಷ್ಣತೆ ನೇರ ಮುಂದಕ್ಕೆ ಕನಿಷ್ಠ 400 ಕ್ಯಾಂಡೆಲಾ, ಗರಿಷ್ಠ 1200. ಬೆಳಗುವ ಮುಖದ ವಿಸ್ತೀರ್ಣ 25ರಿಂದ 200 ಚದರ ಸೆಂಟಿಮೀಟರ್. ಈ ಕೊನೆಯ ಅಂಕಿ ಅಂಗಡಿಯಲ್ಲೇ ಉಪಯೋಗಕ್ಕೆ ಬರುತ್ತದೆ. ಬೆಳಗುವ ಭಾಗ 70 ಎಂಎಂ ವ್ಯಾಸದ ಗುಂಡು ದೀಪವಾದರೆ 38 ಚದರ ಸೆಂಟಿಮೀಟರ್, ಧಾರಾಳ. 60 ಎಂಎಂದು 28, ಅದೂ ನಡೆಯುತ್ತದೆ. 50 ಎಂಎಂದು 20ಕ್ಕೂ ಕಡಿಮೆ: ಹತ್ತಿರದಿಂದ ಕಣ್ಣಿಗೆ ಚುಚ್ಚುತ್ತದೆ, ದೂರಕ್ಕೆ ಚುಕ್ಕೆಯಾಗುತ್ತದೆ. ನಿಯಮದ ಪ್ರಕಾರ ಪಾಸಾದ ದೀಪದ ಗಾಜಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರ ಮತ್ತು ಪಕ್ಕದಲ್ಲಿ ‘ಆರ್‌ಎಲ್’ ಎಂಬ ಇಂಗ್ಲಿಷ್ ಗುರುತು ಅಚ್ಚಾಗಿರುತ್ತದೆ. ಡಬ್ಬದ ಮೇಲೆ ಮುದ್ರಿಸಿದ್ದು ಲೆಕ್ಕಕ್ಕಿಲ್ಲ, ಗಾಜಿನ ಮೇಲೆ ಇರಬೇಕು.

ಅಂಟಿಸುವ ಎಲ್‌ಇಡಿ ಪಟ್ಟಿ ಹಳೆಯ ಗಾಡಿಗೆ ಒಪ್ಪುವುದಿಲ್ಲ. ನೋಟದ ಮಾತು ಬಿಡಿ, ಬಂಪರಿನ ಉಬ್ಬಿದ ಕ್ರೋಮ್ ಮೇಲೆ ಆ ಅಂಟು ಒಂದು ಬೇಸಿಗೆಯೂ ತಡೆಯುವುದಿಲ್ಲ. ಗುಂಡು ದೀಪ ಪದ್ಮಿನಿಗೂ ಅಂಬಾಸಿಡರಿಗೂ ಮೊದಲಿಂದಲೇ ಇದ್ದಂತೆ ಕೂಡುತ್ತದೆ. ಪಾರ್ಕಿಂಗ್ ಲೈಟಿನ ಬುಡದಲ್ಲಿ ಜೋರಾದ ಎಲ್‌ಇಡಿ ಬಲ್ಬು ತುರುಕುವುದು ಇನ್ನೊಂದು ರೂಢಿ. ಆ ಪುಟ್ಟ ರಿಫ್ಲೆಕ್ಟರ್ 5 ವ್ಯಾಟಿನ ಫಿಲಮೆಂಟಿಗೆ ಮಾಡಿದ್ದು. ಎಲ್‌ಇಡಿ ಬೆಳಕನ್ನು ಅದು ಮುಂದಕ್ಕೆ ಕಳಿಸುವುದಿಲ್ಲ, ಸುತ್ತಲೂ ಚೆಲ್ಲುತ್ತದೆ. ಬಿಸಿ ಹೋಗಲು ದಾರಿಯಿಲ್ಲದೆ ಬಲ್ಬೂ ಬೇಗ ಸಾಯುತ್ತದೆ.

ಕೆಲಸ ಮಾಡುವ ವೋಲ್ಟೇಜ್ 9ರಿಂದ 32 ಅಂತ ಇರುವ ದೀಪವನ್ನೇ ಆರಿಸಿ. ಡೈನಮೋದ ರೆಗ್ಯುಲೇಟರ್ ಅಂದರೆ ಬಡಿದುಕೊಳ್ಳುವ ಪಾಯಿಂಟುಗಳು. ಹಾರ್ನ್, ವೈಪರ್ ಮೋಟರ್ ಆಫ್ ಆದಾಗ ಬರುವ ಕಿಡಿಗಳೂ ಅದೇ ವೈರಿನಲ್ಲಿ ಓಡಾಡುತ್ತವೆ. ‘12 ವೋಲ್ಟ್’ ಅಂತಷ್ಟೇ ಬರೆದ ಅಗ್ಗದ ದೀಪದೊಳಗೆ ಬರೀ ರೆಸಿಸ್ಟರ್ ಇರುತ್ತದೆ. ಅದು ಇದನ್ನೆಲ್ಲ ತಾಳುವುದಿಲ್ಲ.

ಜಾಗದ ಲೆಕ್ಕ ಹೀಗೆ: ನೆಲದಿಂದ 250 ಎಂಎಂಗೆ ಕಡಿಮೆ ಇಲ್ಲ, 1500ಕ್ಕೆ ಹೆಚ್ಚಿಲ್ಲ. ಎರಡು ದೀಪಗಳ ಒಳ ಅಂಚುಗಳ ನಡುವೆ ಕನಿಷ್ಠ 600 ಎಂಎಂ. ಇಂಡಿಕೇಟರಿಗೆ 40 ಎಂಎಂಗಿಂತ ಹತ್ತಿರ ಬೇಡ. ಹತ್ತಿರ ಇದ್ದರೆ ಹಗಲಿನಲ್ಲಿ ಇಂಡಿಕೇಟರ್ ಮಿನುಗುವುದೇ ಗೊತ್ತಾಗುವುದಿಲ್ಲ. ದೀಪ ಎಡಕ್ಕೂ ಬಲಕ್ಕೂ 20 ಡಿಗ್ರಿ ಮರೆಯಿಲ್ಲದೆ ಕಾಣಬೇಕು. ಅಳೆಯಲು ಕೋನಮಾಪಕ ಬೇಡ: ದೀಪದಿಂದ ನೇರ ಮುಂದೆ ಒಂದು ಮೀಟರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿಂದ ಎರಡೂ ಪಕ್ಕಕ್ಕೆ 36 ಸೆಂಟಿಮೀಟರ್ ಸರಿದು, ದೀಪದ ಎತ್ತರಕ್ಕೆ ಕೂತು ನೋಡಿ. ಬಂಪರಿನ ಓವರ್‌ರೈಡರ್, ಅಂದರೆ ಅದರ ಮೇಲೆ ನೆಟ್ಟಗೆ ನಿಂತ ತುಂಡು, ಗಾಜಿನ ಒಂದು ಅಂಚನ್ನು ಮುಚ್ಚಿದರೂ ದೀಪ ಸರಿಸಬೇಕು. ಅಂಬಾಸಿಡರಿನಲ್ಲಿ ಓವರ್‌ರೈಡರಿನ ಹೊರಪಕ್ಕ ಜಾಗ ಚೆನ್ನಾಗಿ ಸಿಗುತ್ತದೆ. ಯಾವುದೇ ಗಾಡಿಯಲ್ಲಿ ಗ್ರಿಲ್ ನಡುವೆ, ರೇಡಿಯೇಟರಿನ ಎದುರು ಹಾಕಬೇಡಿ. ನಮ್ಮ ಬೇಸಿಗೆಗೆ ಹಳೆಯ ರೇಡಿಯೇಟರಿಗೆ ಗಾಳಿಯ ಒಂದೊಂದು ಇಂಚೂ ಬೇಕು.

ಬಾಡಿಗೂ ಬಂಪರಿಗೂ ತೂತು ಹೊಡೆಯಬಾರದು. ಇದರಲ್ಲಿ ರಾಜಿ ಬೇಡ. ತೂತು ಬಿದ್ದ ಕ್ರೋಮ್ ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ, ಮತ್ತೆ ಪ್ಲೇಟಿಂಗ್ ಮಾಡಿಸಿದರೂ ಅಂಚು ನಿಲ್ಲುವುದಿಲ್ಲ. ಇನ್ನೊಂದು ಕಾರಣ ಕಾನೂನಿನದು. 50 ವರ್ಷ ದಾಟಿದ ಗಾಡಿಗಳ ವಿಂಟೇಜ್ ನೋಂದಣಿಗೆ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮ, ಗಾಡಿ ಮೂಲ ರೂಪದಲ್ಲಿರಬೇಕು ಅನ್ನುತ್ತದೆ. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ನಾಲ್ಕು ಬೋಲ್ಟು ಬಿಚ್ಚಿದರೆ ಗಾಡಿ ಮೊದಲಿನಂತೆ ಆಗಬೇಕು, ಆ ಮಟ್ಟಕ್ಕೆ ಕೆಲಸ ಇರಲಿ. ನೀಲಿ, ಕೆಂಪು, ಮಿನುಗುವ ದೀಪಗಳ ಮಾತೇ ಬೇಡ.

ದೀಪ ಕೂಡಿಸುವ ಹಿಡಿಕೆಗೆ 25×3 ಎಂಎಂ ಪಟ್ಟಿ ಸಾಕು. ಸ್ಟೇನ್‌ಲೆಸ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿಗೆ ಪ್ರೈಮರ್ ಹೊಡೆದು ಕಪ್ಪು ಬಣ್ಣ. ಮೊದಲು ರಟ್ಟಿನಲ್ಲಿ ಕತ್ತರಿಸಿ ಅಳತೆ ನೋಡಿಕೊಂಡು, ಆಮೇಲೆ ಫ್ಯಾಬ್ರಿಕೇಶನ್ ಅಂಗಡಿಗೆ ಆ ರಟ್ಟನ್ನೇ ಕೊಡಿ. ಬಂಪರಿನ ಹಿಂದೆ ಇರುವ ಬೋಲ್ಟಿಗೇ ಈ ಪಟ್ಟಿ ಸೇರಿಸುವುದು. ಹಿಂದಿನ ದಿನವೇ ಅದಕ್ಕೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಒಂದು ಎಚ್ಚರಿಕೆ: ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಬೋಲ್ಟುಗಳು ಇಂಚಿನ ಲೆಕ್ಕದ ಯುಎನ್‌ಎಫ್ ಥ್ರೆಡ್ಡಿನವು, ಫಿಯಟ್ ಮೂಲದ ಪದ್ಮಿನಿಯಲ್ಲಿ ಮೆಟ್ರಿಕ್. 5/16 ಯುಎನ್‌ಎಫ್ ಬೋಲ್ಟು 7.94 ಎಂಎಂ ದಪ್ಪ, ಹಾಗಾಗಿ 8 ಎಂಎಂ ನಟ್ಟು ಮೊದಲ ಸುತ್ತು ಸಲೀಸಾಗಿ ಹತ್ತುತ್ತದೆ. ಆದರೆ ಒಂದರಲ್ಲಿ ಇಂಚಿಗೆ 24 ಥ್ರೆಡ್, ಇನ್ನೊಂದರಲ್ಲಿ 20ರಷ್ಟು. ಪಾನಾ ಹಾಕಿ ಎಳೆದರೆ ಬೋಲ್ಟು ಹಾಳು. ಬಿಚ್ಚಿದ ನಟ್ಟನ್ನೇ ವಾಪಸ್ ಹಾಕಿ. ಪಟ್ಟಿಗೂ ದೀಪಕ್ಕೂ ನಡುವೆ ರಬ್ಬರ್ ವಾಷರ್, ದೀಪದ ಬೋಲ್ಟಿಗೆ ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ಟು. ಎಲೆಸ್ಪ್ರಿಂಗಿನ ಗಾಡಿಯ ನಡುಕಕ್ಕೆ ಸ್ಪ್ರಿಂಗ್ ವಾಷರ್ ಒಂದೇ ಸಾಲದು.

ವೈರಿಂಗ್

ಕಿಟ್ಟಿನ ಕಪ್ಪು ಡಬ್ಬಿ ಏಕೆ ಬೇಡ ಅಂದರೆ, ಅದು ಬ್ಯಾಟರಿಯ ವೋಲ್ಟೇಜನ್ನು ನೋಡುತ್ತಾ ಕೂತಿರುತ್ತದೆ. 13 ದಾಟಿದರೆ ಎಂಜಿನ್ ಓಡುತ್ತಿದೆ, ಅದಕ್ಕಿಂತ ಇಳಿದರೆ ನಿಂತಿದೆ ಅಂತ ಅದರ ತೀರ್ಮಾನ. ಡೈನಮೋ ಗಾಡಿ ಐಡಲಿಂಗ್‌ನಲ್ಲಿದ್ದಾಗ ಬ್ಯಾಟರಿಯಲ್ಲಿ 12.4 ಇರುತ್ತದೆ. ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ 13.5, ಬಿಟ್ಟರೆ ಮತ್ತೆ 12.4. ಸಿಗ್ನಲ್ಲಿನಲ್ಲಿ ನಿಂತ ಗಾಡಿಯ ದೀಪ ಹತ್ತಿ ಆರಿ, ಹತ್ತಿ ಆರಿ, ಎದುರಿನವರಿಗೆ ಲೈಟ್ ಹೊಡೆದು ದಾರಿ ಕೇಳಿದಂತೆ ಕಾಣುತ್ತದೆ. ದೀಪ ಹಾಳಾಗಿದೆ ಅಂತ ಎರಡೆರಡು ಸಲ ಬದಲಿಸಿದವರೂ ಇದ್ದಾರೆ. ಹಾಳಾದದ್ದು ಏನೂ ಇಲ್ಲ, ಡಬ್ಬಿಗೆ ಡೈನಮೋದ ಸ್ವಭಾವ ಗೊತ್ತಿಲ್ಲ.

ಬೇಕಾದ ಸುದ್ದಿ ಹಳೆಯ ಗಾಡಿಯಲ್ಲೇ ಇದೆ, ಡೈನಮೋದ ‘ಡಿ’ ಟರ್ಮಿನಲ್ಲಿನಲ್ಲಿ. ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ಲೈಟು ಹತ್ತುವುದು, ಆರುವುದು ಇದರ ಮೇಲೆಯೇ. ಎಂಜಿನ್ ನಿಂತಿದ್ದರೆ ಡೈನಮೋದ ಆರ್ಮೇಚರ್ ಮೂಲಕ ‘ಡಿ’ ಬಾಡಿಗೆ ಸೇರಿಕೊಂಡಿರುತ್ತದೆ, ಇಗ್ನಿಷನ್ ಆನ್ ಇದ್ದರೂ ಮೀಟರ್ ಸೊನ್ನೆಯ ಹತ್ತಿರ ತೋರಿಸುತ್ತದೆ. ಎಂಜಿನ್ ಓಡಿದರೆ 13-14. ಐಡಲಿಂಗ್‌ನಲ್ಲಿ ಹತ್ತರ ಆಸುಪಾಸಿಗೆ ಇಳಿಯಬಹುದು. ಇಲ್ಲೇ ಸಾದಾ ರಿಲೇ ಗೆಲ್ಲುವುದು: 12 ವೋಲ್ಟಿನ ರಿಲೇ ಎಳೆದುಕೊಳ್ಳಲು ಎಂಟು ವೋಲ್ಟಿನಷ್ಟು ಬೇಕು, ಆದರೆ ಒಮ್ಮೆ ಎಳೆದುಕೊಂಡ ಮೇಲೆ ಅದಕ್ಕಿಂತ ಬಹಳ ಕೆಳಗೆ ಇಳಿಯುವವರೆಗೂ ಬಿಡುವುದಿಲ್ಲ. ಐಡಲಿಂಗಿನ ಏರಿಳಿತ ಅದಕ್ಕೆ ತಟ್ಟುವುದೇ ಇಲ್ಲ. ಬೆಲ್ಟ್ ಹರಿದರೆ ‘ಡಿ’ ಸೊನ್ನೆಯಾಗಿ ಡಿಆರ್‌ಎಲ್ ತಾನೇ ಆರುತ್ತದೆ, ಬ್ಯಾಟರಿ ಉಳಿಯುತ್ತದೆ. ಆಲ್ಟರ್ನೇಟರ್ ಗಾಡಿಯಲ್ಲಿ ‘ಐಎನ್‌ಡಿ’ ಅಥವಾ ‘ಡಿ ಪ್ಲಸ್’ ಅಂತ ಗುರುತಿರುವ, ಚಾರ್ಜಿಂಗ್ ಲೈಟಿಗೆ ಹೋಗುವ ಟರ್ಮಿನಲ್ಲಿಗೆ ಇದೇ ಕೆಲಸ.

ಸಾಮಾನು: ಐದು ಕಾಲಿನ 12 ವೋಲ್ಟ್ ರಿಲೇ ಎರಡು, ಬುಡ ಸಮೇತ. ಬ್ಲೇಡ್ ಫ್ಯೂಸ್ ಹೋಲ್ಡರ್ ಎರಡು, 3 ಆಂಪ್ ಫ್ಯೂಸ್ ಒಂದು, 1 ಆಂಪ್ ಒಂದು. ಒಂದು ಚದರ ಎಂಎಂ ಆಟೋ ವೈರ್ ಹತ್ತು ಮೀಟರ್, ಮೂರು ಬಣ್ಣದಲ್ಲಿ. ಥಿಂಬಲ್, ಹೀಟ್ ಶ್ರಿಂಕ್ ಸ್ಲೀವ್, ಸುರುಳಿ ಪೈಪ್, ರಬ್ಬರ್ ಗ್ರೊಮೆಟ್. 1ಎನ್4007 ಡಯೋಡ್ ಎರಡು. 680 ಓಮ್ ಅರ್ಧ ವ್ಯಾಟಿನ ರೆಸಿಸ್ಟರ್ ಎರಡು. 1.5ಕೆಇ20ಸಿಎ ಎಂಬ ಸ್ಪೈಕ್ ತಡೆಯುವ ಡಯೋಡ್ ಒಂದು. ರಿಲೇ ಕೊಳ್ಳುವಾಗ ಮೇಲೆ ಅಚ್ಚಾದ ಚಿತ್ರ ನೋಡಿ: ಒಳಗೆ ಡಯೋಡ್ ಇರುವ ರಿಲೇ ಬೇಡ. ಅದನ್ನು ಉಲ್ಟಾ ಕೂಡಿಸಿದರೆ ‘ಡಿ’ ನೇರ ಶಾರ್ಟ್ ಆಗುತ್ತದೆ.

ಕೆಲಸ ಶುರುವಿಗೆ ಮುಂಚೆ ಬ್ಯಾಟರಿಯ ಅರ್ಥ್ ಪಟ್ಟಿ ಬಿಚ್ಚಿ. ಕೆಳಗಿನ ನಂಬರುಗಳು ರಿಲೇಯ ಕಾಲುಗಳವು: 85, 86 ಕಾಯಿಲಿನ ತುದಿಗಳು, 30, 87, 87ಎ ಸ್ವಿಚ್ಚಿನವು. ಮೊದಲ ರಿಲೇ ಎಂಜಿನ್ನಿನ ಸುದ್ದಿ ಹಿಡಿಯುವುದು. ಅದರ 86ಕ್ಕೆ ಕಟೌಟ್ ಡಬ್ಬಿಯ ‘ಡಿ’ ಸ್ಕ್ರೂನಿಂದ 1 ಆಂಪ್ ಫ್ಯೂಸ್ ಮೂಲಕ ವೈರ್ ತನ್ನಿ, 85 ಬಾಡಿಗೆ. ಆ ಪುಟ್ಟ ಫ್ಯೂಸ್ ಬಿಡಬೇಡಿ. ಈ ವೈರ್ ಎಲ್ಲಾದರೂ ತಗಡಿಗೆ ತಾಗಿದರೆ ಡೈನಮೋ ಚಾರ್ಜ್ ಮಾಡುವುದನ್ನೇ ನಿಲ್ಲಿಸುತ್ತದೆ. 30ಕ್ಕೆ ಬ್ಯಾಟರಿಯ ಬಾಡಿಗೆ ಹೋಗದ ಕಂಬದಿಂದ 3 ಆಂಪ್ ಫ್ಯೂಸ್ ಮೂಲಕ, ಫ್ಯೂಸ್ ಬ್ಯಾಟರಿಗೆ ಒಂದು ಗೇಣಿನೊಳಗೆ ಇರಲಿ. 87ರಿಂದ ಹೊರಟ ವೈರ್ ಎರಡನೆಯ ರಿಲೇಯ 30ಕ್ಕೆ. ಎರಡನೆಯದರ 87ಎ, ಅಂದರೆ ರಿಲೇ ಸುಮ್ಮನಿದ್ದಾಗ ಕೂಡಿಕೊಂಡಿರುವ ಕಾಲು, ಅಲ್ಲಿಂದ ಎರಡೂ ದೀಪಗಳಿಗೆ. ಇದರ 87 ಖಾಲಿ, ಅದಕ್ಕೆ ಸ್ಲೀವ್ ಹಾಕಿ ಮುಚ್ಚಿ. ಮೊದಲನೆಯದರ 87ಎಗೂ ಹಾಗೆಯೇ. ಎರಡನೆಯದರ 86ಕ್ಕೆ ಹೆಡ್‌ಲೈಟಿನ ಸುದ್ದಿ, 85 ಬಾಡಿಗೆ. ಎರಡೂ ರಿಲೇಯ 85-86 ನಡುವೆ 680 ಓಮ್ ರೆಸಿಸ್ಟರ್. ದೀಪಕ್ಕೆ ಹೋಗುವ ವೈರಿಗೂ ಬಾಡಿಗೂ ನಡುವೆ ಆ ಸ್ಪೈಕ್ ಡಯೋಡ್. ಅದು ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ, ಹೇಗೆ ಹಾಕಿದರೂ ನಡೆದೀತು. 17 ವೋಲ್ಟಿನವರೆಗೆ ಸುಮ್ಮನಿದ್ದು, ಸ್ಪೈಕನ್ನು 28 ದಾಟಲು ಬಿಡುವುದಿಲ್ಲ.

ಹೆಡ್‌ಲೈಟಿನ ಸುದ್ದಿ ಎಲ್ಲಿಂದ ತರಬೇಕು ಅನ್ನುವುದರಲ್ಲಿ ಬಹಳ ಮಂದಿ ಎಡವುತ್ತಾರೆ. ಡಿಪ್ ವೈರಿನಿಂದ ಮಾತ್ರ ತಂದರೆ, ಬ್ರೈಟ್ ಹೊಡೆದ ತಕ್ಷಣ ಡಿಆರ್‌ಎಲ್ ಮತ್ತೆ ಹತ್ತಿಕೊಳ್ಳುತ್ತದೆ. ಲೈಟ್ ಸ್ವಿಚ್ಚಿನಿಂದ ಡಿಪ್ಪರಿಗೆ, ಅಂದರೆ ಡಿಪ್-ಬ್ರೈಟ್ ಬದಲಿಸುವ ಸ್ವಿಚ್ಚಿಗೆ ಹೋಗುವ ವೈರ್ ಸರಿಯಾದ ಜಾಗ. ಲೂಕಸ್ ಬಣ್ಣದ ಪದ್ಧತಿಯಲ್ಲಿ ಅದು ಬರೀ ನೀಲಿ. ನೀಲಿ-ಬಿಳಿ ಬ್ರೈಟ್, ನೀಲಿ-ಕೆಂಪು ಡಿಪ್, ಬರೀ ಕೆಂಪು ಪಾರ್ಕಿಂಗ್. ಆದರೆ ಇಷ್ಟು ವರ್ಷದಲ್ಲಿ ವೈರಿಂಗ್ ಒಮ್ಮೆಯಾದರೂ ಬದಲಾಗದ ಗಾಡಿ ನಮ್ಮ ಕಡೆ ಕಡಿಮೆ. ಬಣ್ಣ ಸುಳಿವು ಮಾತ್ರ, ಸಾಕ್ಷಿ ಟೆಸ್ಟ್ ಲ್ಯಾಂಪ್. ಡಿಪ್‌ನಲ್ಲೂ ಬ್ರೈಟ್‌ನಲ್ಲೂ ಸಪ್ಲೈ ಇರುವ, ಪಾರ್ಕಿಂಗ್‌ನಲ್ಲಿ ಇಲ್ಲದ ವೈರ್ ಹುಡುಕಿ. ಅಂಥದು ಕೈಗೆ ಸಿಗದಿದ್ದರೆ ಡಿಪ್ ಮತ್ತು ಬ್ರೈಟ್ ಎರಡರಿಂದಲೂ ಒಂದೊಂದು 1ಎನ್4007 ಡಯೋಡ್ ಮೂಲಕ ವೈರ್ ತಂದು 86ರಲ್ಲಿ ಕೂಡಿಸಿ, ಡಯೋಡಿನ ಒಂದು ತುದಿಯಲ್ಲಿರುವ ಬೆಳ್ಳಿಗೆರೆ ರಿಲೇಯ ಕಡೆಗಿರಲಿ. ಡಯೋಡ್ ಇಲ್ಲದೆ ನೇರ ಕೂಡಿಸಿದರೆ ಡಿಪ್ ಬ್ರೈಟ್ ಎರಡೂ ಫಿಲಮೆಂಟ್ ಒಟ್ಟಿಗೆ ಉರಿಯುತ್ತವೆ.

ಪಾಸಿಟಿವ್ ಅರ್ಥ್ ಗಾಡಿಯಲ್ಲಿ ರಿಲೇಗಳ ಕೂಡಿಕೆ ಇದೇ, ಬದಲಾಗುವುದು ಎರಡೇ. ಡಯೋಡಿನ ಬೆಳ್ಳಿಗೆರೆ ಹೆಡ್‌ಲೈಟಿನ ವೈರಿನ ಕಡೆಗೆ ತಿರುಗಬೇಕು. ದೀಪದ ಕೆಂಪು ವೈರ್ ಬಾಡಿಗೆ, ಕಪ್ಪು ವೈರ್ ರಿಲೇಯ 87ಎಗೆ. ಲೋಹದ ಕವಚದ ದೀಪವಾದರೆ, ಹಾಕುವ ಮೊದಲು ಕಪ್ಪು ವೈರಿಗೂ ಕವಚಕ್ಕೂ ಮೀಟರಿನ ಬಜರ್ ಇಟ್ಟು ನೋಡಿ. ಶಬ್ದ ಬಂದರೆ ಆ ದೀಪ ಬಾಡಿಗೆ ತಾಗಿದ ಕ್ಷಣ ಫ್ಯೂಸ್ ಹೋಗುತ್ತದೆ. ಪ್ಲಾಸ್ಟಿಕ್ ಕವಚದ್ದನ್ನೇ ತಗೊಳ್ಳುವುದು ಸುಲಭದ ದಾರಿ.

ಕೆಲವು ಹೊಸ ಬಗೆಯ ಆಲ್ಟರ್ನೇಟರಿನಲ್ಲಿ ಲೈಟಿನ ಟರ್ಮಿನಲ್ ರಿಲೇ ಎಳೆಯುವಷ್ಟು ಕೊಡುವುದಿಲ್ಲ. ಆಗ ಆಯಿಲ್ ಪ್ರೆಶರ್ ಸ್ವಿಚ್ ಇದೆ. ಎಂಜಿನ್ ನಿಂತಾಗ ಅದು ಬಾಡಿಗೆ ಕೂಡಿಕೊಂಡಿರುತ್ತದೆ, ಪ್ರೆಶರ್ ಬಂದಾಗ ಬಿಡುತ್ತದೆ. ಮೊದಲ ರಿಲೇಯ 86 ಮತ್ತು 30 ಎರಡಕ್ಕೂ ಇಗ್ನಿಷನ್ ಆನ್ ಆದಾಗ ಬರುವ ಸಪ್ಲೈ, 85ಕ್ಕೆ ಆಯಿಲ್ ಸ್ವಿಚ್ಚಿನ ವೈರ್, ಈ ಸಲ 87ರ ಬದಲು 87ಎಯಿಂದ ಮುಂದಕ್ಕೆ. ಸ್ವಿಚ್ ಇಲ್ಲದೆ ಪೈಪಿನ ಆಯಿಲ್ ಗೇಜ್ ಮಾತ್ರ ಇರುವ ಗಾಡಿಗೆ ಇದು ಬರುವುದಿಲ್ಲ.

ಅರ್ಥಿಗೆ ಬಂಪರನ್ನು ನಂಬಬೇಡಿ. ಕ್ರೋಮ್, ತುಕ್ಕು, ಬಣ್ಣ, ರಬ್ಬರ್, ಇವೆಲ್ಲ ದಾಟಿ ಕರೆಂಟ್ ವಾಪಸ್ ಬರಬೇಕು. ಎರಡೂ ದೀಪದ ಅರ್ಥ್ ವೈರನ್ನು ಒಂದೇ ಜಾಗಕ್ಕೆ, ಬ್ಯಾಟರಿಯ ಪಟ್ಟಿ ಬಾಡಿಗೆ ಕೂಡುವ ಬೋಲ್ಟಿಗೇ ತನ್ನಿ. ಬಣ್ಣ ಕೆರೆದು ಹೊಳೆಯುವ ತಗಡು ಕಂಡ ಮೇಲೆ ಥಿಂಬಲ್ ಕೂಡಿಸಿ, ಮೇಲೆ ಗ್ರೀಸ್ ಸವರಿ. ವೈರ್ ತಿರುಚಿ ಟೇಪ್ ಸುತ್ತುವುದು ಬೇಡವೇ ಬೇಡ. ಒಂದು ಮಳೆಗಾಲ ಕಳೆದ ಮೇಲೆ ಅಂಥ ಜಾಯಿಂಟ್ ಬಿಚ್ಚಿ ನೋಡಿ: ಟೇಪಿನ ಅಂಟು ಕರಗಿ ಜಿಗುಟಾಗಿರುತ್ತದೆ, ಒಳಗೆ ತಾಮ್ರದ ಎಳೆಗಳು ಹಸಿರು ಪುಡಿಯಾಗಿ ಉಗುರಿಗೇ ಉದುರುತ್ತವೆ. ತಗಡಿನ ತೂತು ದಾಟುವಲ್ಲಿ ಗ್ರೊಮೆಟ್, ಉಳಿದ ಕಡೆ ಸುರುಳಿ ಪೈಪ್, ಎಗ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ. ರಿಲೇಗಳನ್ನು ಕಾಲು ಕೆಳಗಾಗಿ ನಿಲ್ಲಿಸಿ, ಒಳಗೆ ಹೋದ ನೀರು ಇಳಿಯಲಿ.

ಅರ್ಥ್ ಪಟ್ಟಿ ಮತ್ತೆ ಕೂಡಿಸಿ ಪರೀಕ್ಷೆ ಮಾಡಿ. ಇಗ್ನಿಷನ್ ಆನ್, ಎಂಜಿನ್ ಆಫ್: ದೀಪ ಹತ್ತಬಾರದು. ಸ್ಟಾರ್ಟ್ ಮಾಡಿ ಸ್ವಲ್ಪ ಏರಿಸಿದಾಗ, ಕೆಂಪು ಲೈಟು ಆರುವ ಹೊತ್ತಿಗೆ ಹತ್ತಬೇಕು. ಐಡಲಿಂಗಿಗೆ ಬಿಟ್ಟರೂ ಉಳಿಯಬೇಕು. ಡಿಪ್ ಹಾಕಿ, ಬ್ರೈಟ್ ಹಾಕಿ: ಎರಡರಲ್ಲೂ ಆರಿರಬೇಕು. ಐಡಲಿಂಗ್‌ನಲ್ಲಿ ಆರಿಹೋದರೆ ಐಡಲ್ ಸ್ಪೀಡ್ ತೀರ ಕಡಿಮೆ ಇದೆ, ಇಲ್ಲವೇ ಬ್ರಷ್ ಸವೆದಿದೆ. ರಿಲೇಯನ್ನು ದೂರಬೇಡಿ. ಒಂದು ಪಕ್ಕ ಮಂಕಾಗಿದ್ದರೆ ನೂರಕ್ಕೆ ತೊಂಬತ್ತು ಪಾಲು ಆ ಪಕ್ಕದ ಅರ್ಥ್.

ಗಾಡಿಯಲ್ಲಿ ಹಳೆಯ ಮೀಡಿಯಂ ವೇವ್ ರೇಡಿಯೋ ಇನ್ನೂ ಹಾಡುತ್ತಿದ್ದರೆ ಮತ್ತೊಂದು ಪರೀಕ್ಷೆ ಇದೆ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್‌ಗೆ ಇಟ್ಟು, ಡಿಆರ್‌ಎಲ್ ಫ್ಯೂಸ್ ತೆಗೆದು ಹಾಕಿ ಕೇಳಿ. ಫ್ಯೂಸ್ ಹಾಕಿದಾಗ ಕೀರಲು ದನಿ ಸೇರಿಕೊಂಡರೆ ಅದು ಎಲ್‌ಇಡಿ ಡ್ರೈವರಿನದು. ದೀಪಕ್ಕೆ ಹೋಗುವ ವೈರನ್ನೂ ಅರ್ಥ್ ವೈರನ್ನೂ ಒಂದಕ್ಕೊಂದು ಹೆಣೆದು, ದೀಪದ ಬುಡದಲ್ಲೇ ಒಂದು ಫೆರೈಟ್ ರಿಂಗ್ ಹಾಕಿದರೆ ಬಹುಮಟ್ಟಿಗೆ ಇಳಿಯುತ್ತದೆ. ರೇಡಿಯೋದ ಆಂಟೆನಾ ಕೇಬಲ್ ಇರುವ ಪಕ್ಕದಿಂದ ಈ ವೈರ್ ಒಯ್ಯದಿದ್ದರೆ ಇನ್ನೂ ಚಲೋ.

ಇನ್ನು ಮಣ್ಣು, ನೀರು. ನವಲಗುಂದ, ಗದಗ ಕಡೆಯ ಎರೆಮಣ್ಣು ಹಸಿ ಇದ್ದಾಗ ದೀಪದ ಮೇಲೆ ಮೆತ್ತಿಕೊಂಡು ಒಣಗಿದರೆ ಬೆಳಕು ಹೊರಬರುವುದೇ ಇಲ್ಲ, ಹಿಂದಿನ ಫಿನ್‌ಗಳ ಸಂದಿಯಲ್ಲಿ ಕೂತರೆ ಬಿಸಿಯೂ ಹೊರಹೋಗುವುದಿಲ್ಲ. ನೀರಲ್ಲಿ ನೆನೆಸಿ ಬಟ್ಟೆಯಿಂದ ತೆಗೆಯಿರಿ, ಕೆರೆಯಬೇಡಿ, ಪ್ಲಾಸ್ಟಿಕ್ ಲೆನ್ಸ್ ಮೇಲೆ ಗೀರು ಬಿದ್ದರೆ ಮತ್ತೆ ಹೋಗುವುದಿಲ್ಲ. ಐಪಿ67, ಅಂದರೆ ಧೂಳು-ನೀರು ಒಳಹೋಗದಂತೆ ಸೀಲ್ ಮಾಡಿದ ದೀಪ ಮಳೆಗೆ ಜಗ್ಗುವುದಿಲ್ಲ, ಆದರೆ ವಾಟರ್ ಸರ್ವಿಸಿಂಗ್ ಗನ್ನನ್ನು ಹತ್ತಿರದಿಂದ ಹಿಡಿದರೆ ಆ ಸೀಲೂ ನಿಲ್ಲದು. ಸರ್ವಿಸಿಂಗ್ ಹುಡುಗರಿಗೆ ಮೊದಲೇ ಹೇಳಿ. ಒಳಗೆ ಮಂಜು ಕಂಡರೆ ದೀಪದ ಹಿಂದಿನ ಪುಟ್ಟ ಉಸಿರಾಟದ ತೂತು ಮುಚ್ಚಿಕೊಂಡಿದೆಯೇ ನೋಡಿ, ಸಿಲಿಕಾನ್ ಬಳಿಯುವಾಗ ಅದನ್ನೂ ಮುಚ್ಚಿಬಿಟ್ಟಿರುತ್ತಾರೆ. ಮೇ ಕೊನೆಗೆ, ಮಳೆಗೆ ಮುಂಚೆ, ಅರ್ಥ್ ಬೋಲ್ಟು, ಫ್ಯೂಸ್ ಹೋಲ್ಡರ್, ಬೆಲ್ಟ್ ಮೂರನ್ನೂ ಒಮ್ಮೆ ಮುಟ್ಟಿ ನೋಡಿದರೆ ಸಾಕು.

ಡಿಆರ್‌ಎಲ್ ಹತ್ತಿದಾಗ ಹಿಂದಿನ ಕೆಂಪು ದೀಪ ಹತ್ತುವುದಿಲ್ಲ, ಇದನ್ನು ಗಾಡಿ ಓಡಿಸುವ ಮನೆಯವರಿಗೆಲ್ಲ ಹೇಳಿಡಿ. ಕತ್ತಲಾಗುವ ಹೊತ್ತು, ಜೋರು ಮಳೆ, ಚಳಿಗಾಲದ ಮಂಜು ಇದ್ದರೆ ಹೆಡ್‌ಲೈಟೇ ಹಾಕಬೇಕು. ಕೊನೆಯ ಕೆಲಸ ಒಂದಿದೆ: ರಿಲೇಯ ಕಾಲಿನ ನಂಬರು, ವೈರಿನ ಬಣ್ಣ, ಫ್ಯೂಸಿನ ಜಾಗ ಎಲ್ಲವನ್ನೂ ಒಂದು ಹಾಳೆಯಲ್ಲಿ ಗೆರೆ ಹಾಕಿ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಡಿ. ಮುಂದೆ ಗಾಡಿ ಮುಟ್ಟುವ ವೈರ್‌ಮನ್‌ಗೆ ಆ ಹಾಳೆ ಸಿಕ್ಕರೆ, ಯಾವ ವೈರ್ ಎಲ್ಲಿಂದ ಬಂತು ಅಂತ ಹುಡುಕಲು ಗಾಡಿಯ ಮೂಲ ವೈರ್ ಕಂತೆಯನ್ನು ಕತ್ತರಿಸುವುದಿಲ್ಲ.